ಕತ್ತೆ ಕಾಲಿಗೆ ಪಾಳಿ ಹಚ್ಚುವ ಊರು

ಜರ್ಮನಿಯ ಉತ್ತರಕ್ಕೆ ಬ್ರೆಮೆನ್ ಅಂತ ಒಂದು ಊರಿದೆ. ಅಲ್ಲಿನ ಹಳೆಯ ಟೌನ್‌ಹಾಲ್ ಪಕ್ಕದಲ್ಲಿ ಕಂಚಿನ ಕತ್ತೆಯೊಂದು ನಿಂತಿದೆ. ಅದರ ಬೆನ್ನ ಮೇಲೆ ನಾಯಿ, ನಾಯಿಯ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಹುಂಜ. 1953ರಲ್ಲಿ ಗೆರ್ಹಾರ್ಡ್ ಮಾರ್ಕ್ಸ್ ಎಂಬ ಶಿಲ್ಪಿ ಮಾಡಿದ ಮೂರ್ತಿ. ಮೈಯೆಲ್ಲ ಕಪ್ಪಗಾಗಿದೆ. ಕತ್ತೆಯ ಮುಂಗಾಲು ಎರಡು ಮಾತ್ರ ಫಳಫಳ ಹೊಳೆಯುತ್ತವೆ. ಬಂದವರೆಲ್ಲ ಆ ಕಾಲು ಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಏನೋ ಬೇಡಿಕೊಂಡು ಹೋಗುತ್ತಾರೆ. ಹಿಡಿದು ಹಿಡಿದೇ ಕಂಚು ಹೊಳಪು ಬಂದಿದೆ. ಹೋದ ಬೇಸಿಗೆಯಲ್ಲಿ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಆಕೆಯನ್ನೂ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆ.

"ಯಪ್ಪಾ, ಇದೇನೋ ಇದು! ಕತ್ತಿ ಕಾಲಿಗೆ ಮಂದಿ ಪಾಳಿ ಹಚ್ಚ್ಯಾರಲ್ಲೋ!" ಅಂದಳು ಅವ್ವ.

ಕಾರ್ಯವಾಸಿ ಕತ್ತೆ ಕಾಲು ಹಿಡಿ ಅನ್ನುವ ಮಾತು ಆಕೆಗೂ ನನಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ನಕ್ಕೆವು. ಆದರೆ "ನೀನೂ ಹಿಡಿ" ಅಂದರೆ ಅವ್ವ ಒಪ್ಪಲಿಲ್ಲ. "ನಾ ಒಲ್ಲೆ ನಡಿ. ಕತ್ತಿ ಕಾಲು ಹಿಡಿಯೂವಂಥಾದ್ದು ನಮಗೇನ್ ಬಂದೈತಿ?" ಮಗಳು ಮಾತ್ರ ಎರಡೂ ಕೈಯಲ್ಲಿ ಹಿಡಿದಳು. ಎರಡೂ ಕೈಯಲ್ಲೇ ಹಿಡಿಯಬೇಕು. ಒಂದೇ ಕೈಯಲ್ಲಿ ಹಿಡಿದರೆ ಒಂದು ಕತ್ತೆ ಇನ್ನೊಂದು ಕತ್ತೆಗೆ ನಮಸ್ಕಾರ ಹೇಳಿದ ಹಾಗೆ ಅಂತ ಆ ಊರಿನವರು ತಮಾಷೆ ಮಾಡುತ್ತಾರೆ.

ಆ ಮೂರ್ತಿಯ ಹಿಂದೆ ಒಂದು ಜನಪದ ಕತೆ ಇದೆ. ಗ್ರಿಮ್ ಸಹೋದರರು ಅದನ್ನು 1819ರಲ್ಲಿ ಅಚ್ಚು ಹಾಕಿಸಿದರು. ವರ್ಷಗಟ್ಟಲೆ ಗಿರಣಿಗೆ ಚೀಲ ಹೊತ್ತ ಕತ್ತೆಗೆ ವಯಸ್ಸಾಗುತ್ತದೆ. ಯಜಮಾನ ಇನ್ನು ಮೇವು ದಂಡ ಅಂದುಕೊಳ್ಳುತ್ತಾನೆ. ಕತ್ತೆಗೆ ಅದು ಗೊತ್ತಾಗಿ ಮನೆ ಬಿಟ್ಟು ಹೊರಡುತ್ತದೆ. ಬ್ರೆಮೆನ್‌ಗೆ ಹೋಗಿ ಹಾಡುಗಾರನಾಗುತ್ತೇನೆ ಅನ್ನುತ್ತದೆ. ದಾರಿಯಲ್ಲಿ ತನ್ನಂತೆಯೇ ಬೇಡವಾದ ನಾಯಿ, ಬೆಕ್ಕು, ಹುಂಜ ಸಿಗುತ್ತವೆ. ನಾಲ್ಕೂ ಕೂಡಿ ಕಳ್ಳರನ್ನು ಓಡಿಸಿ ಅವರ ಮನೆಯಲ್ಲೇ ನೆಮ್ಮದಿಯಾಗಿ ಉಳಿಯುತ್ತವೆ. ಎಲ್ಲರಿಗೂ ಮುಂದಾಳು ಕತ್ತೆ.

ನಾವು ಚಿಕ್ಕಂದಿನಲ್ಲಿ ಕೇಳಿದ ಕತ್ತೆ ಕತೆ ಯಾವುದು? ಹುಲಿಯ ತೊಗಲು ಹೊದ್ದ ಕತ್ತೆಯದು. ಅದು ಹೊಲ ಮೇಯುತ್ತದೆ, ಬಾಯಿ ತೆಗೆದು ಒದರುತ್ತದೆ, ಏಟು ತಿಂದು ಸಾಯುತ್ತದೆ. ಅಲ್ಲಿ ಕತ್ತೆಯ ದನಿಗೆ ಕಳ್ಳರು ಓಡಿದರು. ಇಲ್ಲಿ ಅದೇ ದನಿಯಿಂದ ಕತ್ತೆಯ ಜೀವ ಹೋಯಿತು. ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ನನಗೆ ಇದೇ ಯೋಚನೆ.

ನನ್ನೂರು ಮುಧೋಳ ತಾಲೂಕಿನಲ್ಲಿ, ಘಟಪ್ರಭಾ ದಂಡೆಯ ಮೇಲೆ. ಈಗ ಇರುವುದು ಸ್ಟುಟ್‌ಗಾರ್ಟ್ ಹತ್ತಿರ. ನಮ್ಮ ಕಡೆಯ ಬೈಗುಳ ನಿಮಗೆ ಗೊತ್ತೇ ಇದೆ. ‘ಕತ್ತಿ ಹಂಗ ಬೆಳದಿ, ಬುದ್ಧಿ ಇಲ್ಲ.’ ‘ಎಮ್ಮಿ ಹಂಗ ನಿಂತೀಯಲ್ಲ, ಸರಿ ಆಕಡೆ.’ ‘ಕ್ವಾಣ.’ ‘ಹಂದಿ.’ ಇನ್ನು ನಾಯಿಯದಂತೂ ಬರೆಯುವುದು ಬೇಡ. ಬೈಯುವುದರ ಬಗ್ಗೆ ನನ್ನ ತಕರಾರಿಲ್ಲ. ಬೈಯದ ಊರು ಎಲ್ಲೂ ಇಲ್ಲ. ನನ್ನ ತಕರಾರು ಬೇರೆ. ನಮಗಾಗಿ ದುಡಿದ ಪ್ರಾಣಿಗಳ ಹೆಸರನ್ನೇ ಹುಡುಕಿ ಹುಡುಕಿ ಬೈಗುಳ ಮಾಡಿಕೊಂಡೆವು. ನಮಗಾಗಿ ಒಂದು ಹುಲ್ಲುಕಡ್ಡಿಯನ್ನೂ ಎತ್ತದ ಹುಲಿ, ಸಿಂಹಗಳ ಹೆಸರನ್ನು ಹೊಗಳಿಕೆ ಮಾಡಿಕೊಂಡೆವು.

ನೋಡಿ ಬೇಕಾದರೆ. ಯಾರದೋ ಹುಟ್ಟುಹಬ್ಬಕ್ಕೆ ಬಸ್‌ಸ್ಟ್ಯಾಂಡ್ ಎದುರು ಬ್ಯಾನರ್ ಕಟ್ಟುತ್ತಾರಲ್ಲ, ಅದರಲ್ಲಿ ‘ನಮ್ಮ ಹುಲಿ’ ಅಂತಲೇ ಇರುತ್ತದೆ. ಖಾನಾಪುರದ ಕಾಡಿನ ಕಡೆ ಬಿಟ್ಟರೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಬಯಲಿನಲ್ಲಿ ಹುಲಿಯನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಕತ್ತೆಯನ್ನಾದರೆ ನಾನು ದಿನಾ ಕಂಡಿದ್ದೇನೆ. ಹೊಳೆಗೆ ಬಟ್ಟೆ ಗಂಟು ಹೊತ್ತು ಹೋಗುತ್ತಿತ್ತು. ಮನೆ ಕಟ್ಟುವಲ್ಲಿಗೆ ಉಸುಕು, ಇಟ್ಟಂಗಿ ಹೊತ್ತು ತರುತ್ತಿತ್ತು. ಕುಂಬಾರರ ಮಣ್ಣು ತರುತ್ತಿತ್ತು. ಬಾಣಂತಿ ಮನೆಯ ಮುಂದೆ ‘ಕತ್ತಿ ಹಾಲೂ’ ಅಂತ ಕೂಗಿಕೊಂಡು ಬರುತ್ತಿದ್ದರು. ಕೆಮ್ಮು, ದಮ್ಮು ಬರಬಾರದು ಅಂತ ಕೂಸಿಗೆ ಆ ಹಾಲನ್ನು ಅಲ್ಲೇ ಕರೆಸಿ ಕುಡಿಸುತ್ತಿದ್ದರು. ನನಗೂ ಕುಡಿಸಿದ್ದಳಂತೆ ಅವ್ವ. ಕತ್ತೆ ಹಾಲು ಕುಡಿದು ಬೆಳೆದ ಕೂಸು ಸ್ವಲ್ಪ ದೊಡ್ಡದಾದ ಮೇಲೆ ಅದನ್ನು ಬೈಯಲು ಅದೇ ಕತ್ತೆಯ ಹೆಸರು.

ಇಲ್ಲಿನ ಶಾಲೆಯಲ್ಲಿ ಮಗಳು ಕಲಿತು ಬಂದ ಒಂದು ಮಾತು ನನಗೆ ಇನ್ನೂ ಹಿತ ಕೊಡುತ್ತದೆ. ಎಸೆಲ್ಸ್‌ಬ್ರ್ಯೂಕೆ. ಕತ್ತೆಯ ಸೇತುವೆ ಅಂತ. ಏನನ್ನಾದರೂ ನೆನಪಿಡಲು ಮಾಡಿಕೊಳ್ಳುವ ಸುಲಭದ ಉಪಾಯಕ್ಕೆ ಅವರು ಹಾಗೆ ಹೇಳುತ್ತಾರೆ. ಛಂದಸ್ಸಿನ ಗಣಗಳಿಗೆ ನಾವು ‘ಯಮಾತಾರಾಜಭಾನಸಲಗಂ’ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅಂಥದ್ದು. ಸೂರ್ಯನಿಂದ ಗ್ರಹಗಳ ಸಾಲು ನೆನಪಿಡಲು ‘ನನ್ನ ಅಪ್ಪ ಪ್ರತಿ ಭಾನುವಾರ ನನಗೆ ನಮ್ಮ ರಾತ್ರಿಯ ಆಕಾಶ ತಿಳಿಸಿಕೊಡುತ್ತಾನೆ’ ಅನ್ನುವ ಅರ್ಥದ ಒಂದು ಸಾಲು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಜರ್ಮನ್‌ನಲ್ಲಿ ಅದರ ಒಂದೊಂದು ಪದದ ಮೊದಲ ಅಕ್ಷರ ಒಂದೊಂದು ಗ್ರಹ.

ಇದಕ್ಕೆ ಕತ್ತೆಯ ಹೆಸರು ಯಾಕೆ ಬಂತು? ಇಲ್ಲಿನವರು ಹೇಳುವುದು ಹೀಗೆ. ಕತ್ತೆ ನೀರಿಗೆ ಕಾಲಿಡುವುದಿಲ್ಲ. ಸಣ್ಣ ಹಳ್ಳವಾದರೂ ಅಷ್ಟೇ. ನೀರಿನ ಮೇಲ್ಮೈ ಹೊಳೆಯುತ್ತದೆ, ತಳ ಎಷ್ಟು ಆಳ ಅಂತ ಅದಕ್ಕೆ ಕಾಣುವುದಿಲ್ಲ. ಎಷ್ಟು ಹೊಡೆದರೂ ಅಲ್ಲೇ ನಿಲ್ಲುತ್ತದೆ. ಗಿರಣಿಗೆ ಚೀಲ ಸಾಗಿಸುವವರು ಕೊನೆಗೆ ಸೋತು ಹಳ್ಳಕ್ಕೆ ಒಂದು ಪುಟ್ಟ ಸೇತುವೆ ಕಟ್ಟಿದರು. ಕಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ದಾರಿ ಸುಲಭವಾಯಿತು. ಓದಿನಲ್ಲೂ ಹಾಗೇ ಅಲ್ವಾ? ಸುತ್ತಿ ಬಂದರೂ ಸರಿಯಾಗಿ ಮುಟ್ಟುವ ದಾರಿ.

ಈ ವಿವರಣೆ ನನಗೆ ಬಹಳ ಇಷ್ಟವಾಯಿತು. ಯಾಕಂದರೆ ಇದರಲ್ಲಿ ಕತ್ತೆಯ ಸ್ವಭಾವವನ್ನು ಯಾರೋ ನಿಂತು ನೋಡಿದ್ದಾರೆ. ಕತ್ತೆ ಹಟಮಾರಿ ಅಂತ ನಾವು ಹೇಳುತ್ತೇವೆ. ಕುದುರೆ ಹೆದರಿದರೆ ಓಡುತ್ತದೆ. ಕತ್ತೆ ಹೆದರಿದರೆ ನಿಲ್ಲುತ್ತದೆ. ಮುಂದೆ ಏನಿದೆ ಅಂತ ನೋಡುತ್ತದೆ. ಗೊತ್ತಾಗುವವರೆಗೂ ಕಾಲು ಕೀಳುವುದಿಲ್ಲ. ಸುಮಾರು 7000 ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಮನುಷ್ಯ ಅದನ್ನು ಸಾಕತೊಡಗಿದ. ಕಲ್ಲುಗುಡ್ಡದ ಬರಡು ಸೀಮೆಯಲ್ಲಿ ಬದುಕಿದ ಪ್ರಾಣಿ ಅದು. ಅಲ್ಲಿ ಕಂಡಕಂಡ ಕಡೆ ಓಡಿದರೆ ಕಾಲು ಮುರಿಯುತ್ತದೆ. ನಿಂತು ಯೋಚಿಸುವುದೇ ಅದರ ಬುದ್ಧಿವಂತಿಕೆ. ನಾವು ಅದನ್ನೇ ದಡ್ಡತನ ಅಂತ ಕರೆದೆವು.

ಎಮ್ಮೆಯ ಕತೆಯೂ ಹೀಗೇ. ‘ಎಮ್ಮೆ ಮೇಲೆ ಮಳೆ ಸುರಿದ ಹಾಗೆ’ ಅಂತ ಮಾತಿದೆ. ಏನು ಹೇಳಿದರೂ ನಾಟದವನಿಗೆ ಈ ಮಾತು. ಎಮ್ಮೆ ಮಳೆಯಲ್ಲಿ ಕದಲದೆ ನಿಲ್ಲುವುದು ನಿಜ. ಆದರೆ ಅದಕ್ಕೆ ಮಳೆ ತಿಳಿಯುವುದಿಲ್ಲ ಅಂತಲ್ಲ. ಕಪ್ಪು ಚರ್ಮ, ಬೆವರಿನ ಗ್ರಂಥಿ ಕಡಿಮೆ, ಮೈಯ ಕಾವು ಹೊರಗೆ ಹೋಗುವುದು ಕಷ್ಟ. ವಿಜಯಪುರದ ಬಿಸಿಲಲ್ಲಿ ದಿನವೆಲ್ಲ ಬೆಂದ ಪ್ರಾಣಿಗೆ ಮಳೆ ಬಂದರೆ ಅದು ಸುಖವಾಗಿ ನಿಂತಿರುತ್ತದೆ. ಅದರ ಹಾಲಿನ ಗಟ್ಟಿ ಮೊಸರಿಲ್ಲದೆ ನಮಗೆ ರೊಟ್ಟಿ ಇಳಿಯುವುದಿಲ್ಲ. ಹೆಸರು ಮಾತ್ರ ಮಂದಬುದ್ಧಿಯವರಿಗೆ.

ದುಡಿದ ಪ್ರಾಣಿಗಳೆಲ್ಲ ಬೈಗುಳವಾದವು ಅಂದೆ. ಎತ್ತು ಆಗಲಿಲ್ಲ ಅಂತ ನೀವು ಹೇಳಬಹುದು. ಸರಿ. ಎತ್ತಿಗೆ ಕಾರಹುಣ್ಣಿಮೆ ಇದೆ, ಮಣ್ಣೆತ್ತಿನ ಅಮಾಸಿ ಇದೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಕಿಲಾರಿ ಜೋಡಿ ಕಟ್ಟಿದ ಮನೆಗೆ ಕನ್ಯಾ ಕೊಡಲು ಯಾರೂ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಬಸವ ಅಂದರೇ ಎತ್ತು. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಐಕ್ಯನಾದ ಮಹಾತ್ಮನಿಗೇ ಆ ಹೆಸರು. ಹಾಗಾದರೆ ಎತ್ತಿಗೆ ಆ ಮರ್ಯಾದೆ, ಕತ್ತೆಗೆ ಯಾಕಿಲ್ಲ?

ನನಗೆ ಅನಿಸುವುದು ಇಷ್ಟು. ಎತ್ತು ಯಾರ ಮನೆಯಲ್ಲಿತ್ತು? ಹೊಲ ಇದ್ದವರ ಮನೆಯಲ್ಲಿ. ಕತ್ತೆ ಯಾರ ಮನೆಯಲ್ಲಿತ್ತು? ಬಟ್ಟೆ ಒಗೆಯುವವರ, ಮಣ್ಣು ಅಗೆಯುವವರ, ಗಡಿಗೆ ಮಾಡುವವರ ಮನೆಯಲ್ಲಿ. ಹಂದಿ ಯಾರು ಸಾಕುತ್ತಿದ್ದರು ಅಂತಲೂ ನಿಮಗೆ ಗೊತ್ತು. ಸಾಕಿದ ಮನುಷ್ಯರನ್ನು ಊರು ಎಲ್ಲಿ ಕೂರಿಸಿತೋ ಅವರ ಪ್ರಾಣಿಯ ಹೆಸರನ್ನೂ ಅಲ್ಲೇ ಕೂರಿಸಿತು. ಗಾದೆಯೇ ಇದೆಯಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ. ಹಬ್ಬದಲ್ಲಿ ಎತ್ತಿಗೆ ಆರತಿ, ಗ್ರಾಮದೇವತೆಯ ಜಾತ್ರೆಯಲ್ಲಿ ಕೋಣದ ಕೊರಳಿಗೆ ಮಚ್ಚು. ಪ್ರಾಣಿಬಲಿ ನಿಲ್ಲಿಸಲು ರಾಜ್ಯದಲ್ಲಿ 1959ರಲ್ಲೇ ಕಾನೂನು ಮಾಡಬೇಕಾಯಿತು. ಬೈಗುಳವನ್ನು ಮಾತ್ರ ಯಾವ ಕಾನೂನೂ ನಿಲ್ಲಿಸಿಲ್ಲ.

ಇನ್ನೊಂದು ಮಾತು ಕತ್ತೆಗಿಂತ ಜಾಸ್ತಿ ನನ್ನನ್ನು ಚುಚ್ಚುತ್ತದೆ. ‘ದನಾ ಕಾಯಾಕ ಹೋಗು.’ ಶಾಲೆಯಲ್ಲಿ ಲೆಕ್ಕ ತಪ್ಪಿದವನಿಗೆ ಮಾಸ್ತರು ಇದನ್ನೇ ಹೇಳುತ್ತಿದ್ದರು. ಎಮ್ಮೆ ಕಾಯಿ, ಕುರಿ ಕಾಯಿ, ಕತ್ತೆ ಕಾಯಿ. ಓದದವನ ಗತಿ ಅದು ಅಂತ. ನಮ್ಮ ಮುತ್ಯಾ ಎಮ್ಮೆ ಕಾಯ್ದೇ ಮನೆ ನಡೆಸಿದವನು. ನನ್ನ ಅಪ್ಪನ ಓದಿಗೆ ದುಡ್ಡು ಬಂದದ್ದು ಆ ಎಮ್ಮೆಗಳಿಂದ. ನನ್ನ ತರಗತಿಯಲ್ಲಿ ಕುರಿಗಾರರ ಹುಡುಗನೊಬ್ಬನಿದ್ದ. ಬೇಸಿಗೆಯಲ್ಲಿ ಅವನ ಮನೆಯವರು ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ಅವನು ತಿರುಗಿ ಶಾಲೆಗೆ ಬಂದಾಗ ಪಾಠ ಮುಂದೆ ಹೋಗಿರುತ್ತಿತ್ತು. ‘ಕುರಿ ಕಾಯಾಕ ಹೋಗಲೇ’ ಅಂದರೆ ಇಡೀ ತರಗತಿ ನಗುತ್ತಿತ್ತು. ಅವನು ಕುರಿ ಕಾಯ್ದೇ ಬಂದಿರುತ್ತಿದ್ದ. ಏಳನೇ ತರಗತಿಯ ನಂತರ ಅವನು ಬರಲಿಲ್ಲ.

ಆ ಹುಡುಗನಿಗೆ ಏನೇನು ಗೊತ್ತಿತ್ತು ಅಂತ ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ನಡಿಗೆ ನೋಡಿ ಯಾವ ಕುರಿಯ ಗೊರಸು ಕೊಳೆಯುತ್ತಿದೆ ಅಂತ ಹೇಳುತ್ತಿದ್ದ. ಯಾವ ಎಲೆ ತಿಂದರೆ ಹೊಟ್ಟೆ ಉಬ್ಬುತ್ತದೆ ಅಂತ ಗೊತ್ತಿತ್ತು. ನೂರಾರು ಕುರಿಯಲ್ಲಿ ಯಾವ ಮರಿ ಯಾವ ತಾಯಿಯದು ಅಂತ ಗೊತ್ತಿತ್ತು. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳಲು ರೈತರು ಅವನ ಅಪ್ಪನನ್ನು ಕರೆಯುತ್ತಿದ್ದರು, ಗೊಬ್ಬರಕ್ಕಾಗಿ. ಹೊಲಕ್ಕೆ ಬೇಕಾದವನು ಶಾಲೆಯಲ್ಲಿ ಬೈಗುಳವಾದ.

ಜರ್ಮನಿಯಲ್ಲಿ ಕುರಿ ಕಾಯುವುದು ಕಲಿತು ಮಾಡುವ ಕೆಲಸ. ಮೂರು ವರ್ಷದ ತರಬೇತಿ ಇದೆ. ಪರೀಕ್ಷೆ ಇದೆ. ಪಾಸಾದರೆ ಪ್ರಮಾಣಪತ್ರ ಇದೆ. ಬಡಗಿ, ಎಲೆಕ್ಟ್ರಿಷಿಯನ್ ಕೆಲಸಕ್ಕೆ ಇದ್ದ ಹಾಗೆಯೇ. ಸ್ಟುಟ್‌ಗಾರ್ಟ್ ಹತ್ತಿರ ಮಾರ್ಕ್‌ಗ್ರೋನಿಂಗೆನ್ ಅಂತ ಒಂದು ಊರಿದೆ. ಪ್ರತಿ ವರ್ಷ ಆಗಸ್ಟ್ ಕೊನೆಯ ಹೊತ್ತಿಗೆ ಅಲ್ಲಿ ಕುರಿಗಾರರ ಓಟ ನಡೆಯುತ್ತದೆ. ಶತಮಾನಗಳಿಂದ ಬಂದ ಜಾತ್ರೆ. ಕೊಯ್ಲಾದ ಹೊಲದ ಕೂಳೆಯ ಮೇಲೆ ಬರಿಗಾಲಲ್ಲಿ ಓಡಬೇಕು. ಕುರಿಗಾರರ ಮಕ್ಕಳು ಓಡುತ್ತಾರೆ, ಹುಡುಗಿಯರೂ ಓಡುತ್ತಾರೆ. ಗೆದ್ದವರ ತಲೆಗೆ ಕಿರೀಟ ಇಡುತ್ತಾರೆ, ಬಹುಮಾನ ಕುರಿ. ಜೋಳದ ಕೂಳೆ ಕಾಲಿಗೆ ಚುಚ್ಚಿದ ನೆನಪು ಇದ್ದವರಿಗೆ ಆ ಓಟದ ಬೆಲೆ ಗೊತ್ತಾಗುತ್ತದೆ. ಕುರಿ ಕಾಯುವವನ ತಲೆಗೆ ಊರಿನ ಮುಂದೆ ಕಿರೀಟ. ನನಗೆ ಆ ಹುಡುಗನೇ ಕಣ್ಣಮುಂದೆ ಬಂದ. ಕೂಳೆಯ ಮೇಲೆ ಅವನಷ್ಟು ಜೋರಾಗಿ ಓಡುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ಹಂದಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಇಲ್ಲಿ ಯಾರಾದರೂ ಸ್ವಲ್ಪದರಲ್ಲಿ ಪಾರಾದರೆ ‘ಶ್ವೈನ್ ಗೆಹಾಬ್ಟ್’ ಅನ್ನುತ್ತಾರೆ. ಹಂದಿ ಸಿಕ್ಕಿತು ಅಂತ. ಅಂದರೆ ಅದೃಷ್ಟ ಚೆನ್ನಾಗಿತ್ತು. ಹಿಂದೆ ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಕೊನೆಗೆ ಬಂದವನಿಗೆ ಸಮಾಧಾನಕ್ಕೆ ಒಂದು ಹಂದಿ ಕೊಡುತ್ತಿದ್ದರು, ಅದರಿಂದ ಬಂತು ಅಂತ ಕೆಲವರು ಹೇಳುತ್ತಾರೆ. ಇಸ್ಪೀಟಿನ ಎಕ್ಕಕ್ಕೆ ಇಲ್ಲಿ ‘ಹೆಣ್ಣು ಹಂದಿ’ ಅನ್ನುತ್ತಿದ್ದರು, ಅದರಿಂದ ಬಂತು ಅಂತ ಇನ್ನು ಕೆಲವರು. ಹೊಸ ವರ್ಷಕ್ಕೆ ಬಾದಾಮಿ ಹಿಟ್ಟು, ಸಕ್ಕರೆಯ ಪುಟ್ಟ ಹಂದಿ ಮಾಡಿ ಒಬ್ಬರಿಗೊಬ್ಬರು ಕೊಡುತ್ತಾರೆ. ಅವ್ವನಿಗೆ ಪಕ್ಕದ ಮನೆಯವರು ಕೊಟ್ಟ ಹಂದಿಯ ಫೋಟೋ ಕಳಿಸಿದರೆ, "ಸಕ್ರಿ ಗೊಂಬಿ ಆದ್ರ ನಡೀತೈತಿ ಬಿಡು" ಅಂದಳು.

ನಾಯಿಯ ವಿಷಯದಲ್ಲಿ ಮಾತ್ರ ನನಗೆ ನಮ್ಮವರ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ. ಮುಧೋಳ ಅಂದರೆ ದೇಶಕ್ಕೆಲ್ಲ ನಾಯಿಯಿಂದಲೇ ಗೊತ್ತು. ಉದ್ದ ಮುಖ, ಸಣ್ಣ ನಡು, ಬಾಣದ ಹಾಗೆ ಓಟ. ಮುಧೋಳ ಸಂಸ್ಥಾನದ ಮಾಲೋಜಿರಾವ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದಿತು. ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. ಭಾರತೀಯ ಸೇನೆಯೂ ತೆಗೆದುಕೊಂಡಿತು. ಇಂಥ ನಾಯಿಯ ಊರಿನಲ್ಲಿ ‘ನಾಯಿ’ ಅಂದರೆ ಹೊಡೆದಾಟವಾಗುತ್ತದೆ. ನಾಯಿ ಪಾಡು, ನಾಯಿ ಬಾಲ ಡೊಂಕು, ನಾಯಿ ಜನ್ಮ. ಒಂದಾದರೂ ಒಳ್ಳೆ ಮಾತಿದೆಯಾ? ನಿಯತ್ತಿಗೆ ಉದಾಹರಣೆ ಕೊಡುವಾಗ ನೆನಪಾಗುತ್ತದೆ, ಆಮೇಲೆ ಮತ್ತೆ ಬೀದಿಗೆ ಬೀಳುತ್ತದೆ.

ಇದನ್ನೆಲ್ಲ ಫೋನಿನಲ್ಲಿ ತಮ್ಮನಿಗೆ ಹೇಳಿದೆ. ಅವನು ಬೀಳಗಿ ತಾಲೂಕಿನಲ್ಲಿ ಪ್ರಾಥಮಿಕ ಶಾಲೆ ಮಾಸ್ತರ. "ಅಣ್ಣಾ, ನೀ ಅಲ್ಲಿ ಕುಂತು ಮಾತಾಡ್ತಿ. ಕತ್ತಿ ಅಂದ್ರ ಇಲ್ಲಿ ಯಾವ ಹುಡುಗೂ ಅಳಂಗಿಲ್ಲ. ನಗತಾವ" ಅಂದ. "ಯಾರ ಮನ್ಯಾಗ ಕತ್ತಿ ಇಲ್ಲೋ ಅವು ನಗತಾವ. ಇದ್ದವು ಏನ್ ಮಾಡ್ತಾವ ನೋಡೀಯೇನು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೂ ಬಿಡಲಿಲ್ಲ. "ಹಂಗಾರ ನಿನ್ನ ಜರ್ಮನ್ ಮಂದಿ ಬೈಯೂದಿಲ್ಲೇನು?"

ಬೈಯುತ್ತಾರೆ. ಅದನ್ನು ನಾನು ಹೇಳಲೇಬೇಕು. ‘ದಡ್ಡ ಕತ್ತೆ’ ಅಂತ ಇಲ್ಲೂ ಬೈಯುತ್ತಾರೆ. ‘ಮೂರ್ಖ ಹಸು’ ಅನ್ನುವುದು ಹೆಂಗಸರಿಗೆ ಬಹಳ ಕೆಟ್ಟ ಬೈಗುಳ. ಅದೃಷ್ಟ ತರುವ ಅದೇ ಹಂದಿ ಸಿಟ್ಟು ಬಂದಾಗ ಬಾಯಿಗೆ ಬರುತ್ತದೆ. ಹಿಂದಿನ ಕಾಲದ ಶಾಲೆಗಳಲ್ಲಿ ಪಾಠ ಬಾರದ ಮಕ್ಕಳನ್ನು ಕೂರಿಸಲು ‘ಕತ್ತೆಯ ಬೆಂಚು’ ಇತ್ತು. ಅಂದರೆ ನನ್ನ ಮಾಸ್ತರಂಥವರು ಇಲ್ಲೂ ಇದ್ದರು. ದಂಡಸಂಹಿತೆಯ 185ನೇ ಕಲಂ ಪ್ರಕಾರ ಇನ್ನೊಬ್ಬರನ್ನು ಅವಮಾನಿಸುವುದು ಇಲ್ಲಿ ಅಪರಾಧ. ಪೊಲೀಸರಿಗೆ ಪ್ರಾಣಿಯ ಹೆಸರು ಹಿಡಿದು ಬೈದು ದಂಡ ಕಟ್ಟಿದವರಿದ್ದಾರೆ. ಬೈಗುಳ ಇಲ್ಲದ ಕಡೆ ಅಂಥ ಕಲಂ ಬೇಕಾಗುತ್ತಿರಲಿಲ್ಲ.

ಕತ್ತೆಯ ಮೇಲಿನ ಇವರ ಪ್ರೀತಿಯೂ ಕತ್ತೆ ದುಡಿಯುವುದು ನಿಂತ ಮೇಲೆ ಬಂದದ್ದು. ಈಗ ರಜೆಯಲ್ಲಿ ದುಡ್ಡು ಕೊಟ್ಟು ಕತ್ತೆಯ ಜೊತೆ ಗುಡ್ಡ ಸುತ್ತುತ್ತಾರೆ. ಗಿರಣಿಯ ಕಾಲದಲ್ಲಿ ಇವರೂ ಬಡಿಗೆಯಿಂದಲೇ ಹೊಡೆದವರು. ‘ಹೊಡೆಯುವುದು ಚೀಲಕ್ಕೆ, ಸಿಟ್ಟು ಕತ್ತೆ ಮೇಲೆ’ ಅನ್ನುವ ಅರ್ಥದ ಹಳೆಯ ಗಾದೆ ಇವರಲ್ಲಿದೆ. ನಾವು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಕಡೆ ಇವರು ಅದನ್ನು ಹೇಳುತ್ತಾರೆ. ಬ್ರೆಮೆನ್ ಕತೆ ಶುರುವಾಗುವುದೂ ಮುದಿ ಕತ್ತೆಯನ್ನು ಸಾಕಲು ಒಲ್ಲದ ಯಜಮಾನನಿಂದಲೇ.

ಒಂದು ಮಾತಿನಲ್ಲಂತೂ ನಮ್ಮವರೇ ಮೇಲು. ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದ ತಾಯಿಗೆ ಇಲ್ಲಿ ‘ರಾಬೆನ್‌ಮುಟರ್’ ಅನ್ನುತ್ತಾರೆ. ರಾಬೆ ಅಂದರೆ ಕಾಗೆಯ ಜಾತಿಯದೇ ದೊಡ್ಡ ಹಕ್ಕಿ. ಅದರ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡಿನಿಂದ ಇಳಿದು ತಿರುಗುತ್ತವೆ. ತಾಯಿ ಹೊರಗೆ ತಳ್ಳಿದಳು ಅಂತ ಜನ ಅಂದುಕೊಂಡರು. ತಾಯಿ ಹಕ್ಕಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತಿರುತ್ತದೆ. ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗುವ ಹೆಂಗಸರಿಗೆ ಈ ಮಾತನ್ನು ಇಂದಿಗೂ ಅಂದುಬಿಡುತ್ತಾರೆ. ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವಳು, ಆಕೆಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ನಮ್ಮ ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಹೇಳಿದ್ದಾನೆ, ಕಾಗೆ ಒಂದಗುಳು ಕಂಡರೆ ತನ್ನ ಬಳಗವನ್ನೆಲ್ಲ ಕರೆಯುವುದಿಲ್ಲವೇ ಅಂತ. ಅಂಗಳದಲ್ಲಿ ಅನ್ನ ಹಾಕಿ ನಿಂತು ನೋಡಿದವನ ಮಾತು ಅದು.

ಕತ್ತೆಯ ವಿಷಯದಲ್ಲೂ ನಮ್ಮವರು ಪೂರ್ತಿ ಕೈಬಿಟ್ಟಿಲ್ಲ ಅಂತ ತಮ್ಮನೇ ನೆನಪಿಸಿದ. ಮಳೆ ಕೈಕೊಟ್ಟ ವರ್ಷ ಏನು ಮಾಡುತ್ತೇವೆ? ಗುರ್ಜಿ ಹೊತ್ತರೂ ಮೋಡ ಕಟ್ಟದಿದ್ದರೆ ಕತ್ತೆ ಮದುವೆ ಮಾಡುತ್ತೇವೆ. ಅರಿಶಿಣ ಹಚ್ಚಿ, ಹೊಸ ಸೀರೆ ಹೊದಿಸಿ, ಬಾಸಿಂಗ ಕಟ್ಟಿ, ಹಲಗೆ ಬಾರಿಸುತ್ತ ಊರೆಲ್ಲ ಮೆರೆಸುತ್ತೇವೆ. ಅಕ್ಕಿಕಾಳು ಹಾಕುವವರಲ್ಲಿ ಹೊಲ ಇದ್ದವರೂ ಇರುತ್ತಾರೆ, ಇಲ್ಲದವರೂ ಇರುತ್ತಾರೆ. ಚಿಕ್ಕವನಿದ್ದಾಗ ಅಂಥ ಮೆರವಣಿಗೆಯ ಹಿಂದೆ ನಾನೂ ಓಡಿದ್ದೇನೆ. ಆ ದಿನ ಕತ್ತೆಯನ್ನು ಯಾರೂ ಕತ್ತೆ ಅನ್ನುವುದಿಲ್ಲ. ಮದುಮಗಳು ಅನ್ನುತ್ತಾರೆ.

ಮುಂದೆ ಅದಕ್ಕೂ ಕತ್ತೆ ಸಿಗುವುದು ಕಷ್ಟ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 3.2 ಲಕ್ಷ ಕತ್ತೆಗಳಿದ್ದವು. 2019ರಲ್ಲಿ 1.2 ಲಕ್ಷ ಉಳಿದಿದ್ದವು. ಉಸುಕಿಗೆ ಟ್ರ್ಯಾಕ್ಟರ್ ಬಂತು, ಬಟ್ಟೆಗೆ ವಾಷಿಂಗ್ ಮಶಿನ್ ಬಂತು. ತಮ್ಮನ ಶಾಲೆಯ ಮಕ್ಕಳಲ್ಲಿ ಎಷ್ಟೋ ಜನ ಕತ್ತೆಯನ್ನು ಪುಸ್ತಕದಲ್ಲಷ್ಟೇ ಕಂಡಿದ್ದಾರಂತೆ. ಬೈಗುಳ ಮಾತ್ರ ಎಲ್ಲರಿಗೂ ಬರುತ್ತದೆ. ಪ್ರಾಣಿ ಹೋಗಿ ಬೈಗುಳ ಉಳಿದರೆ ಆ ಮಕ್ಕಳಿಗೆ ಕತ್ತೆಯ ಬಗ್ಗೆ ಗೊತ್ತಿರುವುದು ಅದೊಂದೇ ಆಗುತ್ತದೆ. ಅದು ಎಷ್ಟು ಹೊರುತ್ತಿತ್ತು, ಹಳ್ಳದ ದಂಡೆಯಲ್ಲಿ ಯಾಕೆ ನಿಲ್ಲುತ್ತಿತ್ತು, ಯಾರು ಅದಕ್ಕೆ ಮೇವು ಹಾಕುತ್ತಿದ್ದರು, ಇದ್ಯಾವುದೂ ಗೊತ್ತಿರುವುದಿಲ್ಲ. ಅದಕ್ಕೇ ತಮ್ಮನಿಗೆ ಹೇಳಿದೆ, ಬೈಯುವುದನ್ನು ಬಿಡದಿದ್ದರೂ ಪರವಾಗಿಲ್ಲ, ಒಂದು ದಿನ ಮಕ್ಕಳನ್ನು ಕತ್ತೆ ಸಾಕಿದವರ ಮನೆಗೆ ಕರೆದುಕೊಂಡು ಹೋಗು ಅಂತ. "ಹೋಗೂಣು ತಗೊ" ಅಂದ. ಬೀಳಗಿಯಲ್ಲಿ ಅಂಥ ಮನೆ ಹುಡುಕುತ್ತಿದ್ದಾನೆ.

ಮಗಳು ಅಜ್ಜಿಯಿಂದ ‘ಮಂಗ್ಯಾ’ ಕಲಿತಿದ್ದಾಳೆ. ಇಲ್ಲಿ ಮುದ್ದಿನವರನ್ನು ಇಲಿ, ಮೊಲ, ಕರಡಿ ಅಂತೆಲ್ಲ ಕರೆಯುತ್ತಾರೆ. ಅದಕ್ಕೆ ಅವಳಿಗೆ ಮಂಗ್ಯಾ ಅಂದರೆ ಬೈಗುಳ ಅಂತ ಅನಿಸಲೇ ಇಲ್ಲ. ಅವ್ವ ಬೈದರೂ ಮಂಗ್ಯಾ, ಎತ್ತಿ ಮುದ್ದಾಡಿದರೂ ಮಂಗ್ಯಾ. ನನಗೂ ಆ ಮಾತು ಕೇಳಿದರೆ ಮನೆಗೆ ಹೋದ ಹಾಗಾಗುತ್ತದೆ. ಬಾದಾಮಿ ಗುಡ್ಡದ ಮಂಗ ಯಾರ ಹೊರೆಯನ್ನೂ ಹೊತ್ತಿಲ್ಲ, ಯಾರ ಮನೆಯ ಕೂಳಿಗೂ ದುಡಿದಿಲ್ಲ. ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು ಹೋದದ್ದಷ್ಟೇ. ಅದರ ಹೆಸರು ಹಿಡಿದು ಎಷ್ಟು ಬೈದರೂ ಯಾರ ಅಪ್ಪನ ಕೆಲಸಕ್ಕೂ ಏಟು ಬೀಳುವುದಿಲ್ಲ. ಮಗಳು ದಿನಾ ನನ್ನನ್ನೇ ಮಂಗ್ಯಾ ಅಂತ ಕರೆಯುತ್ತಾಳೆ, ಕರೆಯಲಿ. ‘ದನಾ ಕಾಯಾಕ ಹೋಗು’ ಅನ್ನುವುದನ್ನು ಮಾತ್ರ ನಾನು ಅವಳಿಗೆ ಕಲಿಸಿಲ್ಲ, ಕಲಿಸುವುದೂ ಇಲ್ಲ.